ಹದಿಹರೆಯದವರು, ಹಿರಿಯರು ಒಂದೇ ಕೋಣೆಯಲ್ಲಿ: ನವನಗರದ ವಾರದ ಕೂಟಕ್ಕೆ ಸಲಹೆ ಬೇಕು

ನವನಗರ_ಓಣಿ
ಬಾಗಲಕೋಟೆ ನವನಗರದ ಸಮುದಾಯ ಭವನವೊಂದರಲ್ಲಿ ಜುಲೈ ಮೊದಲ ವಾರದಿಂದ ವಾರಕ್ಕೊಮ್ಮೆ ಕೂಟ ನಡೆಸಬೇಕೆಂದು ನಿಶ್ಚಯವಾಗಿದೆ. ಪಿಯುಸಿ ಮೊದಲ ವರ್ಷದ 14 ಮಕ್ಕಳು, 62ರಿಂದ 80ರೊಳಗಿನ 14 ಹಿರಿಯರು ಹೆಸರು ಕೊಟ್ಟಿದ್ದಾರೆ. ಎರಡೂ ಕಡೆಯವರ ಒಂಟಿತನ ಕಡಿಮೆಯಾಗಬೇಕು ಅನ್ನುವುದೇ ಉದ್ದೇಶ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ಹದಿಹರೆಯದವರಲ್ಲಿ ಅದು ಇನ್ನೂ ಹೆಚ್ಚು. ಮುಪ್ಪಿನವರ ಸಮಸ್ಯೆ ಅಂದುಕೊಂಡಿದ್ದು ಹದಿನಾರರವರದೂ ಹೌದು.

ಸದ್ಯದ ಯೋಜನೆ ಹೀಗಿದೆ. ರವಿವಾರ ಬೆಳಿಗ್ಗೆ 11ರಿಂದ 1. ಮೊದಲ ದಿನ ಹಿರಿಯರಿಗೆ ಶಾಲು ಹೊದಿಸಿ ಸನ್ಮಾನ, ಮಕ್ಕಳಿಂದ ಹಾಡು. ಎರಡನೇ ವಾರದಿಂದ ಒಬ್ಬ ಹಿರಿಯರಿಗೆ ಒಬ್ಬರಂತೆ ಮಕ್ಕಳು ಮೊಬೈಲ್ ಕಲಿಸುವುದು. ಇದರಲ್ಲಿ ಎಲ್ಲಿ ಎಡವುತ್ತೇವೆ, ಬಿಚ್ಚಿ ಹೇಳಿ.

ಮಲಪ್ರಭಾ_ದಂಡಿ
ಮೊದಲು ಸನ್ಮಾನ ಬಿಡಿ. ಶಾಲು ಹೊದಿಸಿದ ಕೂಡಲೇ ಒಬ್ಬರು ವೇದಿಕೆಗೆ, ಇನ್ನೊಬ್ಬರು ಚಪ್ಪಾಳೆಗೆ ಅಂತ ಜಾಗ ಹಂಚಿಕೆಯಾಗಿಬಿಡುತ್ತದೆ. ಆಮೇಲೆ ಪ್ರತಿ ವಾರವೂ ಮಕ್ಕಳು ಕೈಕಟ್ಟಿ ನಿಲ್ಲುತ್ತಾರೆ, ಹಿರಿಯರು ಉಪದೇಶ ಮಾಡುತ್ತಾರೆ. ಬೇರೆ ಬೇರೆ ಗುಂಪಿನವರು ಯಾವಾಗ ನಿಜಕ್ಕೂ ಹತ್ತಿರ ಬರುತ್ತಾರೆ ಎಂಬುದಕ್ಕೆ ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ನಾಲ್ಕು ಷರತ್ತು ಹೇಳಿದ್ದರು: ಕೂಟದೊಳಗೆ ಇಬ್ಬರಿಗೂ ಸಮಾನ ಸ್ಥಾನ, ಇಬ್ಬರಿಗೂ ಬೇಕಾದ ಒಂದು ಗುರಿ, ಪೈಪೋಟಿಯಿಲ್ಲದ ಜಂಟಿ ಕೆಲಸ, ಸಂಸ್ಥೆ ಅಥವಾ ಊರ ದೊಡ್ಡವರ ಬೆಂಬಲ. ನಿಮ್ಮ ಯೋಜನೆಯಲ್ಲಿ ನಾಲ್ಕನೆಯದು ಮಾತ್ರ ಇದೆ.

ಎರಡನೆಯದು ಸಂಖ್ಯೆ. ಒಬ್ಬರಿಗೆ ಒಬ್ಬರು ಎಂದರೆ ಮಾತು ನಿಂತ ಕೂಡಲೇ ಹುಡುಗನ ಕೈ ಮೊಬೈಲಿಗೆ ಹೋಗುತ್ತದೆ. ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳು ಇರಲಿ. ಒಬ್ಬರು ತಡವರಿಸಿದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಒಬ್ಬರು ಬಾರದ ದಿನವೂ ಹಿರಿಯರು ಒಂಟಿಯಾಗಿ ಕೂರಬೇಕಿಲ್ಲ. ಹಾಗಾಗಿ ಮೊದಲ ತಂಡಕ್ಕೆ 7 ಹಿರಿಯರು, 14 ಮಕ್ಕಳು ಸಾಕು. ಉಳಿದ 7 ಹಿರಿಯರಿಗೆ ಎರಡನೇ ತಂಡದ ತಾರೀಖು ಈಗಲೇ ಕೊಟ್ಟುಬಿಡಿ. ಇಡೀ ಕೂಟ ನೋಡಿಕೊಳ್ಳಲು ಇಬ್ಬರು ವಯಸ್ಕರು ಬೇಕು, ಒಬ್ಬರಿಂದ ಆಗುವುದಿಲ್ಲ.

ಗುರಿಯ ಮಾತಿಗೆ ಬಂದರೆ, ಬಾಗಲಕೋಟೆಯವರಿಗೆ ಇರುವಷ್ಟು ದೊಡ್ಡ ಕೆಲಸ ಬೇರೆ ಯಾರಿಗೂ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹೋದ ಹಳೇ ಊರಿನ ನಕಾಶೆ ಹಿರಿಯರ ತಲೆಯಲ್ಲಿದೆ. ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಸೆಕ್ಟರ್ ನಂಬರಿನಲ್ಲಿ ಬೆಳೆದ ಮಕ್ಕಳಿಗೆ ಅದು ಗೊತ್ತಿಲ್ಲ. ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ವಿಷಯ ಇನ್ನೂ ಜೀವಂತ ಇರುವಾಗ ಆ ನಕಾಶೆ ಬರೆದಿಡುವುದು ಹೊತ್ತು ಕಳೆಯುವ ಆಟವಲ್ಲ. ಹಿರಿಯರಿಗೂ ಬೇಕು, ಮಕ್ಕಳಿಗೂ ಬೇಕು.

ಗುಮ್ಮಟದ_ನೆರಳು
ವಿಜಯಪುರದಿಂದ. ಮೇಲಿನದಕ್ಕೆ ನನ್ನ ಪೂರ್ತಿ ಸಹಮತ. ಆದರೆ ಇಂಥ ಕೂಟ ಹೆಚ್ಚಾಗಿ ಸೋಲುವುದು ಕಿವಿಯಿಂದ, ಅದನ್ನು ಯಾರೂ ಗಮನಿಸುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಕೇಳ್ಮೆ. ಸ್ವರಗಳು ಕೇಳುತ್ತವೆ, ಸ, ಶ, ತ, ಪ ತರಹದ ವ್ಯಂಜನಗಳು ಕಲಸಿಹೋಗುತ್ತವೆ. ಅದಕ್ಕೇ ಅವರು "ಕೇಳ್ತದ, ಆದ್ರ ತಿಳಿಯೂದಿಲ್ಲ" ಅನ್ನುವುದು. ಹುಡುಗಿಯರ ತೆಳು ದನಿ, ಅದರಲ್ಲೂ ಗಡಿಬಿಡಿಯ ಮಾತು ಅವರಿಗೆ ಎಲ್ಲಕ್ಕಿಂತ ಕಷ್ಟ. ಕೂಗಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ, ವ್ಯಂಜನ ಸ್ಪಷ್ಟವಾಗುವುದಿಲ್ಲ, ಮೇಲಾಗಿ ಕೂಗುವ ಮುಖ ಸಿಟ್ಟಿನ ಮುಖದಂತೆ ಕಾಣುತ್ತದೆ. ಮಕ್ಕಳಿಗೆ ಮೊದಲೇ ಕಲಿಸಬೇಕಾದದ್ದು ಇಷ್ಟು: ಮೂರು-ನಾಲ್ಕು ಅಡಿಯೊಳಗೆ ಎದುರಿಗೆ ಕೂತು, ತುಟಿ ಕಾಣುವಂತೆ, ದನಿ ತುಸು ತಗ್ಗಿಸಿ, ನಿಧಾನ ಮಾತಾಡುವುದು. ತಿಳಿಯಲಿಲ್ಲ ಅಂದರೆ ಅದೇ ವಾಕ್ಯ ಮತ್ತೆ ಹೇಳದೆ ಬೇರೆ ಶಬ್ದದಲ್ಲಿ ಹೇಳುವುದು. ಒಂದು ಮೇಜಿನಲ್ಲಿ ಒಂದು ಸಲಕ್ಕೆ ಒಬ್ಬರದೇ ಮಾತು.

ಇನ್ನು ಕೋಣೆ. ಗೋಳಗುಮ್ಮಟದ ಮಾರ್ದನಿ ನೋಡಲು ಬಂದವರಿಗೆ ಬೆರಗು. ಕಿವಿ ಮಂದವಾದವರಿಗೆ ಅಂಥ ಮಾರ್ದನಿ ಕೊಡುವ ಖಾಲಿ ಸಭಾಭವನಕ್ಕಿಂತ ದೊಡ್ಡ ಅಡ್ಡಿಯಿಲ್ಲ. ಸಮುದಾಯ ಭವನದ ದೊಡ್ಡ ಹಾಲ್ ಬೇಡ. ಪಕ್ಕದ ಊಟದ ಕೋಣೆ ಸಿಕ್ಕರೆ ಅದೇ ಇರಲಿ. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಮೇಜಿಗೆ ಬಟ್ಟೆ ಹಾಕಿದರೆ ಗದ್ದಲ ಸಾಕಷ್ಟು ಇಳಿಯುತ್ತದೆ. ಮೇಜುಗಳ ನಡುವೆ ಆರು ಅಡಿ ಬಿಡಿ. ಮೈಕ್ ಹಿಡಿಯಬೇಡಿ.

ಕಣ್ಣಿಗೆ: ಹಿರಿಯರು ಕಿಟಕಿಗೆ ಬೆನ್ನು ಮಾಡಿ ಕೂರಬೇಕು, ಬೆಳಕು ಮಕ್ಕಳ ಮುಖದ ಮೇಲೆ ಬೀಳಬೇಕು. ಉಲ್ಟಾ ಆದರೆ ಪೊರೆ ಬಂದ ಕಣ್ಣಿಗೆ ಎದುರಿನವರು ಬರೀ ಕಪ್ಪು ನೆರಳು. ಮುದ್ರಿಸಿದ ಅಕ್ಷರ 18 ಪಾಯಿಂಟಿಗಿಂತ ಸಣ್ಣದು ಬೇಡ. ಕುರ್ಚಿಗೆ ಕೈ ಇರಬೇಕು, ಕೂರುವ ಮಟ್ಟ ನೆಲದಿಂದ 17–19 ಇಂಚು; ಏಳುವಾಗ ವಾಲುವ ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡ. ಶೌಚಾಲಯ ಮೆಟ್ಟಿಲಿಲ್ಲದ ದಾರಿಯಲ್ಲಿ ಇರಬೇಕು. ಅದಿಲ್ಲದಿದ್ದರೆ ಬರುವ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯದೆ ಬರುತ್ತಾರೆ, ತಲೆ ಸುತ್ತಿ ಕೂರುತ್ತಾರೆ.

ನವನಗರ_ಓಣಿ
ಊಟದ ಕೋಣೆ ಇದೆ, ಕೇಳುತ್ತೇನೆ. ಸನ್ಮಾನ ಕೈಬಿಟ್ಟೆವು. ಸಮಯದ ಬಗ್ಗೆ ಹೇಳಿ. ನಕಾಶೆ ಮಾಡುವುದಾದರೆ ಹೆಜ್ಜೆ ಹೆಜ್ಜೆಯಾಗಿ ಹೇಗೆ?

ಸಾಲಿ_ಗಂಟೆ
ರವಿವಾರ 11 ಗಂಟೆ ತಪ್ಪು ಹೊತ್ತು. ಮಕ್ಕಳಿಗೆ ಟ್ಯೂಷನ್, ಹಿರಿಯರಿಗೆ ಊಟ, ಊಟದ ಗುಳಿಗೆ. ಶನಿವಾರ ಸಂಜೆ 4.30ರಿಂದ 6 ಇಡಿ. ದೀಪ ಹಚ್ಚುವ ಹೊತ್ತಿಗೆ ಹಿರಿಯ ಹೆಂಗಸರು ಮನೆಯಲ್ಲಿರಬೇಕು ಅನ್ನುತ್ತಾರೆ, ಹುಡುಗಿಯರ ಮನೆಯವರೂ ಕತ್ತಲಾದ ಮೇಲೆ ಕಳಿಸುವುದಿಲ್ಲ. ಒಂದೂವರೆ ಗಂಟೆ ಸಾಕು, ನಡುವೆ 15 ನಿಮಿಷ ಚಹಾ.

ಜುಲೈನಲ್ಲಿ ಶುರುವಾದರೆ ದಸರಾ ರಜೆಯ ಆಸುಪಾಸಿಗೆ 12 ವಾರ ಮುಗಿಯುತ್ತದೆ, ಅದು ಸರಿಯಾದ ಅಳತೆ. ಫೆಬ್ರುವರಿ, ಮಾರ್ಚ್ ಪರೀಕ್ಷೆಯ ತಿಂಗಳು, ಏಪ್ರಿಲ್-ಮೇ ನಮ್ಮ ಕಡೆ ಬಿಸಿಲು. ಎರಡೂ ಹೊತ್ತಿನಲ್ಲಿ ಶುರು ಮಾಡಬೇಡಿ. ಹಳ್ಳಿಯಲ್ಲಿ ಮಾಡುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಕೇಳಬಹುದು, ಆದರೆ ಹಿಂಗಾರಿ ಬಿತ್ತನೆಯ ಹೊತ್ತಿಗೆ ಹಿರಿಯರು ಹೊಲದಲ್ಲಿರುತ್ತಾರೆ ಅನ್ನುವುದು ನೆನಪಿರಲಿ.

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕವಿರುವ ಕಾಲೇಜಾದರೆ ವರ್ಷದ 120 ಗಂಟೆಯಲ್ಲಿ ಇದನ್ನು ಸೇರಿಸಿಕೊಳ್ಳುವಿರಾ ಎಂದು ಕಾರ್ಯಕ್ರಮಾಧಿಕಾರಿಯನ್ನು ಕೇಳಿ. 12 ವಾರಕ್ಕೆ 18 ಗಂಟೆ ಆಗುತ್ತದೆ. ಒಂದು ಎಚ್ಚರಿಕೆ: ಪ್ರಮಾಣಪತ್ರಕ್ಕಾಗಿಯೇ ಬರುವ ಮಕ್ಕಳು ಮೂರನೇ ವಾರಕ್ಕೆ ಗಡಿಯಾರ ನೋಡತೊಡಗುತ್ತಾರೆ, ಹಿರಿಯರಿಗೆ ಅದು ಕೂಡಲೇ ತಿಳಿಯುತ್ತದೆ. ಪ್ರಮಾಣಪತ್ರದ ಮಾತನ್ನು ಎರಡು ವಾರ ಕಳೆದ ಮೇಲೆ ಎತ್ತಿ.

ಬಿಳಿಜೋಳ
ಎಲ್ಲಾರೂ ಛಲೋ ಹೇಳ್ಯಾರ್ರಿ. ಆದ್ರ ಮೊದಲನೇ ದಿನಾನ ನಕಾಶಿ ಅಂತ ಕುಂತ್ರ ಹುಡುಗ್ರು ಬಾಯಿ ಬಿಡೂದಿಲ್ಲ. ಮೊದಲ ಎರಡು ವಾರ ಆಟ ಇಡ್ರಿ. ಚೌಕಾಬಾರಾ ಭಾಳ ಛಲೋ, ಯಾಕಂದ್ರ ಅದರಾಗ ಹಿರ್ಯಾರ ಮಾಸ್ತರ, ಹುಡುಗ್ರ ವಿದ್ಯಾರ್ಥಿ, ಮುಂದ ಅರ್ಧಾ ತಾಸಿನ್ಯಾಗ ಇಬ್ರೂ ಸರಿಸಮ. ಐದೈದರ 25 ಮನಿ, ಒಬ್ರಿಗೆ 4 ಕಾಯಿ, 4 ಕವಡಿ. ನಾಲ್ಕೂ ಅಂಗಾತ ಬಿದ್ರ ಚೌಕ, ನಾಲ್ಕೂ ಬೋರಲ ಬಿದ್ರ ಬಾರಾ ಅಂದ್ರ 8. ಎರಡಕ್ಕೂ ಇನ್ನೊಂದು ಸಲ ಹಾಕೂದು.

ಎಲ್ಲಿ ಕೆಡತದ ಅಂದ್ರ, ನೆಲದ ಮ್ಯಾಲ ಬರದು ಆಡಸ್ತಾರ. ಮೊಣಕಾಲು ಹಿಡದವರು ಕುಂತ್ರ ಏಳೂದು ಯಾರು? ಮೇಜಿನ ಮ್ಯಾಲ ಇಡ್ರಿ. ಹಲಗಿ ಒಂದೂವರೆ ಫೂಟ್ ಚೌಕ ಇರಲಿ, ಮನಿ ಮೂರೂವರೆ ಇಂಚ ಬರತಾವ. ಬಳಿ ಚೂರು ಕಾಯಿ ಮಾಡಬ್ಯಾಡ್ರಿ, ಬೆರಳು ಸೆಟದವರಿಗೆ ಹಿಡಿಲಿಕ್ಕೆ ಬರೂದಿಲ್ಲ; ಬಾಟಲಿ ಮುಚ್ಚಳ ಅಡ್ಡಿಯಿಲ್ಲ, ನಾಕು ಬಣ್ಣ ಇರಬೇಕು. ಕವಡಿ ದೊಡ್ಡವು ತರ್ರಿ, ಗೋಣಿತಾಟಿನ ತುಂಡು ಹಾಸಿದ ತಾಟಿನ್ಯಾಗ ಹಾಕಸ್ರಿ, ಉಳ್ಳಿ ಕೆಳಗ ಹೋಗೂದಿಲ್ಲ. ಊರಿಗೊಂದು ಕಾಯ್ದೆ ಇರತದ. ಜಗಳಾ ಬಂದ್ರ ಬರಲಿ ಬಿಡ್ರಿ, ಆ ಮೇಜಿನವರು ಅವತ್ತಿನ ಕಾಯ್ದೆ ತಾವ ಬರಕೊಳ್ಳಲಿ. ಮಾತು ಹುಟ್ಟೂದ ಅಲ್ಲಿ. ಹುಲಿ-ಕುರಿ ಆಟಾನೂ ಆಗತದ, 3 ಹುಲಿ 15 ಕುರಿ; ಇಬ್ರು ಹುಡುಗ್ರು ಕೂಡಿ ಕುರಿ ನಡಸಬೇಕು, ಅಜ್ಜ ಹುಲಿ.

ಮಲಪ್ರಭಾ_ದಂಡಿ
ಹೌದು, ಆಟದಿಂದಲೇ ಶುರುವಾಗಲಿ. ನಕಾಶೆ ಮೂರನೇ ವಾರಕ್ಕೆ.

ನಾಲ್ಕು ಚಾರ್ಟ್ ಪೇಪರ್ ಹಿಂಬದಿಯಿಂದ ಅಂಟಿಸಿ ಒಂದು ಹಾಳೆ ಮಾಡಿ. ಪೆನ್ನು ಮೊದಲು ಮುಟ್ಟಬೇಡಿ. ನೀಲಿ ಉಣ್ಣೆ ದಾರದಿಂದ ಘಟಪ್ರಭೆ ಹಾಸಿ, ಆಮೇಲೆ ರೈಲು ನಿಲ್ದಾಣ, ಮಾರುಕಟ್ಟೆ, ದೊಡ್ಡ ಗುಡಿ, ಮಸೀದಿ ಇಡಿ. ಮನೆಗಳಿಗೆ ಹುಣಸೆ ಬೀಜ. ಬೀಜ ಸರಿಸಬಹುದು, ಗೆರೆ ಅಳಿಸುವುದು ಕಷ್ಟ. ಕೈ ನಡುಗುವವರೂ ಬೀಜ ಸರಿಸುತ್ತಾರೆ. ಅಳತೆಯನ್ನು ಮೀಟರಿನಲ್ಲಿ ಕೇಳಬೇಡಿ. "ಗುಡಿಯಿಂದ ಮನೆಗೆ ಬರುವಷ್ಟರಲ್ಲಿ ಬೀಡಿ ಮುಗಿಯುತ್ತಿತ್ತೇನು?" ಎಂಬಂಥ ಪ್ರಶ್ನೆಗೆ ಉತ್ತರ ಬರುತ್ತದೆ. ಇಬ್ಬರ ನೆನಪು ಹೊಂದದಿದ್ದರೆ ತಿದ್ದಬೇಡಿ, ಎರಡು ಬಣ್ಣದಲ್ಲಿ ಎರಡನ್ನೂ ಬರೆಯಿರಿ. ದಿನದ ಕೊನೆಗೆ ಸ್ಟೂಲ್ ಹತ್ತಿ ನೇರ ಮೇಲಿನಿಂದ ಫೋಟೊ ತೆಗೆದುಕೊಳ್ಳಬೇಕು. ಸ್ಟೂಲ್ ಹತ್ತುವವರು ಮಕ್ಕಳೇ.

ಪ್ರಶ್ನೆಯ ಹದ ಬಹಳ ಮುಖ್ಯ. "ಆಗಿನ ಜೀವನ ಹೇಗಿತ್ತು?" ಎಂದು ಕೇಳಿದರೆ "ಏನ ಕೇಳ್ತೀ ತಮ್ಮಾ, ಭಾಳ ಛಲೋ ಇತ್ತು" ಎಂಬಲ್ಲಿಗೆ ಮುಗಿಯಿತು. ಬಾಗಿಲು ಯಾವ ದಿಕ್ಕಿಗಿತ್ತು? ಹೊಸ್ತಿಲಲ್ಲಿ ನಿಂತರೆ ಎದುರಿಗೆ ಯಾರ ಮನೆ? ನೀರು ಎಲ್ಲಿಂದ ತರುತ್ತಿದ್ದಿರಿ, ಕೊಡ ಯಾವ ಸೊಂಟದ ಮೇಲೆ? ಹೋಳಿಯ ಬಣ್ಣದ ಬಂಡಿ ನಿಮ್ಮ ಓಣಿಗೆ ಯಾವ ಕಡೆಯಿಂದ ತಿರುಗುತ್ತಿತ್ತು? ಈ ಕೊನೆಯ ಪ್ರಶ್ನೆ ಕೇಳಿ ನೋಡಿ, ಮೇಜಿನಲ್ಲಿದ್ದವರೆಲ್ಲ ಒಟ್ಟಿಗೆ ಮಾತಾಡತೊಡಗುತ್ತಾರೆ. ಹೋಳಿಯ ಹಲಗೆ ವಾದ್ಯದ ಪೆಟ್ಟನ್ನು ಬೆರಳಿನಲ್ಲಿ ಮೇಜಿನ ಮೇಲೆ ಬಾರಿಸಿ ತೋರಿಸುವವರು ಇದ್ದೇ ಇರುತ್ತಾರೆ.

ಧ್ವನಿ ದಾಖಲೆಗೆ ಮೊಬೈಲ್ ಸಾಕು. ಏರೋಪ್ಲೇನ್ ಮೋಡ್ ಹಾಕಿ, ಮಡಚಿದ ಟವೆಲ್ ಮೇಲೆ, ಬಾಯಿಯಿಂದ ಸುಮಾರು ಒಂದೂವರೆ ಗೇಣಿನಲ್ಲಿ ಇಡಿ. ಟವೆಲ್ ಇಲ್ಲದಿದ್ದರೆ ಮೇಜು ತಟ್ಟಿದ ಸದ್ದೆಲ್ಲ ಮಾತಿನ ಮೇಲೆ ಕೂರುತ್ತದೆ. 30 ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿಯೇ ಮುಂದುವರಿಯಿರಿ. ಫ್ಯಾನ್ ಬಂದ್. ಶುರುವಿನಲ್ಲಿ ತಾರೀಖು, ಜಾಗ, ಮಾತಾಡುವವರ ಹೆಸರು ಹೇಳಿಸಿ, ಯಾರಿಗೆ ಕೇಳಿಸಬಹುದು ಎಂಬುದಕ್ಕೆ ಅವರ ಒಪ್ಪಿಗೆಯನ್ನೂ ಅಲ್ಲೇ ದಾಖಲಿಸಿ. 40 ನಿಮಿಷ ಮೀರಬೇಡಿ. ಅದೇ ಸಂಜೆ ಎರಡು ಕಡೆ ಪ್ರತಿ ಇಡಿ. ಒಂದು ಗಂಟೆಯ ಮಾತನ್ನು ಪೂರ್ತಿ ಬರೆದಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ಪಿಯುಸಿ ಮಕ್ಕಳಿಗೆ ಆ ಹೊರೆ ಹೊರಿಸಿದರೆ ಐದನೇ ವಾರಕ್ಕೆ ಬಿಟ್ಟು ಹೋಗುತ್ತಾರೆ. ಯಾವ ನಿಮಿಷದಲ್ಲಿ ಯಾವ ಮಾತಿದೆ ಎಂಬ ಸೂಚಿ ಮಾಡಿಸಿ, ಚೆಂದದ ಹತ್ತು ನಿಮಿಷ ಮಾತ್ರ ಬರೆಸಿ.

ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರ ಗೆಳೆಯರ ಬಳಗ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿ ಕೇಳಿ ಬರೆದುಕೊಂಡದ್ದು ಇಂಥ ಯಾವ ಯಂತ್ರವೂ ಇಲ್ಲದೆ. ಮಕ್ಕಳಿಗೆ ಈ ಮಾತು ಹೇಳಿ, ತಾವು ಮಾಡುತ್ತಿರುವುದು ನಮ್ಮ ನೆಲದ ಕೆಲಸ ಎಂದು ತಿಳಿಯಲಿ.

ಗುಮ್ಮಟದ_ನೆರಳು
ಮುಳುಗಿದ ಮನೆಯ ಮಾತು ಬಂದರೆ ಕಣ್ಣೀರು ಬರುತ್ತದೆ. ಮಕ್ಕಳಿಗೆ ಮೊದಲೇ ಹೇಳಿಡಿ. ನೆನಪು ತಿರುವಿ ಹಾಕುವುದು ಮುಪ್ಪಿನ ಸಹಜ ಕೆಲಸ ಎಂದು ರಾಬರ್ಟ್ ಬಟ್ಲರ್ ಎಂಬ ವೈದ್ಯ 1963ರಲ್ಲೇ ಬರೆದಿದ್ದರು. ಅದು ಅರಳುಮರುಳಿನ ಲಕ್ಷಣವಲ್ಲ. ಅತ್ತರೆ "ಅಳಬೇಡಿ" ಅನ್ನುವುದು ಬೇಡ, ವಿಷಯ ಬದಲಿಸುವುದೂ ಬೇಡ. ನೀರಿನ ಲೋಟ ಹತ್ತಿರ ಸರಿಸಿ, "ರೆಕಾರ್ಡಿಂಗ್ ನಿಲ್ಲಿಸಲೇ?" ಎಂದು ಕೇಳಿ ಸುಮ್ಮನಿರಬೇಕು. ಎದ್ದು ಹೋಗುವ ಮುನ್ನ ಇವತ್ತಿನ ಮಾತಿಗೆ ತರಬೇಕು: ರಾತ್ರಿ ಅಡುಗೆ ಏನು, ಮೊಮ್ಮಕ್ಕಳ ಸಾಲಿ ಯಾವಾಗ ಬಿಡುತ್ತದೆ. ಹಳೆಯ ನೋವಿನ ನಡುವೆ ಬಿಟ್ಟು ಮನೆಗೆ ಕಳಿಸಬಾರದು.

ಗೋಕಾಕ_ನೀರು
ಮೊಬೈಲ್ ಪೂರ್ತಿ ಕೈಬಿಡುವುದನ್ನು ನಾನು ಒಪ್ಪುವುದಿಲ್ಲ. ಹಿರಿಯರು ತಾವಾಗಿ ಕೇಳುವ ವಿಷಯ ಅದೇ. ಕಲಿಸುವ ರೀತಿ ತಪ್ಪುತ್ತದೆ, ಅಷ್ಟೆ. ಹುಡುಗರು ಫೋನ್ ಕಸಿದುಕೊಂಡು ಟಪಟಪ ಒತ್ತಿ "ಆಯ್ತು ನೋಡ್ರಿ" ಅನ್ನುತ್ತಾರೆ. ಅಜ್ಜಿ ಕಲಿತದ್ದೇನು? ತನಗೆ ಬರುವುದಿಲ್ಲ ಅನ್ನುವುದನ್ನು. ಆದ್ದರಿಂದ ಒಂದೇ ಕಟ್ಟಳೆ: ಹಿರಿಯರ ಫೋನನ್ನು ಮಕ್ಕಳು ಮುಟ್ಟುವಂತಿಲ್ಲ, ಬಾಯಿಂದ ಹೇಳಬೇಕು ಅಥವಾ ತಮ್ಮ ಫೋನಿನಲ್ಲಿ ತೋರಿಸಬೇಕು. ಒಂದು ದಿನಕ್ಕೆ ಒಂದೇ ಕೆಲಸ. ದಪ್ಪ ಅಕ್ಷರದಲ್ಲಿ ಹೆಜ್ಜೆಗಳನ್ನು ಹಿರಿಯರೇ ತಮ್ಮ ಮಾತಿನಲ್ಲಿ ವಹಿಯಲ್ಲಿ ಬರೆದುಕೊಳ್ಳಬೇಕು. "ಹಸಿರು ಗುಂಡನ ಗುರುತು ಒತ್ತು" ಎಂದು ಬರೆದರೆ ಅದೇ ಸರಿ.

ಪರದೆ ಮಾತು ಕೇಳುವುದಿಲ್ಲ ಅನ್ನುವ ದೂರಿಗೆ ಎರಡು ಕಾರಣ. ಒಂದು, ವಯಸ್ಸಾದ ಬೆರಳ ತುದಿ ಒಣಗಿ ಒರಟಾಗಿರುತ್ತದೆ, ಪರದೆಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಬೆರಳನ್ನು ತುಸು ತೇವ ಮಾಡಿದರೆ ನಡೆಯುತ್ತದೆ. ಎರಡು, ಅವರು ಗಂಟೆಯ ಗುಂಡಿಯಂತೆ ಒತ್ತಿ ಹಿಡಿಯುತ್ತಾರೆ, ಫೋನ್ ಅದನ್ನು ಬೇರೆ ಆಜ್ಞೆ ಅಂದುಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಗೆ ಹೋಗಿ ಒತ್ತಿಹಿಡಿಯುವ ಅವಧಿಯನ್ನು ದೀರ್ಘ ಮಾಡಿ, ಅಕ್ಷರ ದೊಡ್ಡದು ಮಾಡಿ. ಅರ್ಧ ತೊಂದರೆ ಅಲ್ಲೇ ಮುಗಿಯಿತು. ಕೀಬೋರ್ಡ್ ಕಲಿಸಲು ವಾರಗಳನ್ನು ಕಳೆಯಬೇಡಿ, ಕನ್ನಡದಲ್ಲಿ ಮಾತಾಡಿ ಬರೆಸುವ ಮೈಕ್ ಗುರುತು ತೋರಿಸಿ.

ವಂಚನೆಗೆ ಒಂದು ಪೂರ್ತಿ ವಾರ ಇಡಿ. ಉಪದೇಶ ಬೇಡ, ಆಡಿ ತೋರಿಸಿ. ಹುಡುಗ ನಕಲಿ ಬ್ಯಾಂಕಿನವನಾಗಲಿ, ಅಜ್ಜ ಫೋನ್ ಇಡುವುದನ್ನು ಐದು ಸಲ ರೂಢಿ ಮಾಡಲಿ. ದುಡ್ಡು ಬರಲು ಪಿನ್ ಹಾಕುವುದಿಲ್ಲ, ಹೋಗಲು ಮಾತ್ರ ಪಿನ್. ಪೊಲೀಸರೆಂದು ಹೇಳಿ ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಈ ಅಭ್ಯಾಸದಲ್ಲಿ ಹದಿನಾರರ ಮಕ್ಕಳೂ ಕಲಿಯುತ್ತಾರೆ, ಅವರೂ ಆಟದ ಆ್ಯಪ್, ನಕಲಿ ಕೆಲಸದ ಸಂದೇಶಗಳಿಗೆ ಬೀಳುವವರೇ.

ಬೆಳಗಾವಿ ಕಡೆಯವರಿಗೆ ಒಂದು ಮಾತು: ಮರಾಠಿ ಅಥವಾ ಉರ್ದು ಮನೆಮಾತಿನ ಹಿರಿಯರಿದ್ದರೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗಾದರೂ ಆ ಮಾತು ಬರಬೇಕು. ನೆನಪು ಮನೆಮಾತಿನಲ್ಲೇ ಹೊರಗೆ ಬರುವುದು.

ಇಳಕಲ್_ದಡಿ
ಎಲ್ಲರಿಗೂ ನಕಾಶೆಯೇ ಆಗಬೇಕಿಲ್ಲ. ಕಸೂತಿಯ ಒಂದು ಮೇಜು ಇಟ್ಟರೆ ಮಾತು ಕಡಿಮೆಯಿರುವ ಹಿರಿಯರೂ, ನಾಚುವ ಮಕ್ಕಳೂ ಅಲ್ಲಿ ಹಾಯಾಗಿ ಕೂರುತ್ತಾರೆ. ಕೈ ಕೆಲಸದಲ್ಲಿದ್ದಾಗ ಮುಖ ನೋಡಿ ಮಾತಾಡಬೇಕಾದ ಒತ್ತಡ ಇರುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆ. ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುವುದು. ಹಿರಿಯರ ಕೈಗೆ ನೆನಪಿದೆ, ಕಣ್ಣಿಗೆ ಎಳೆ ಕಾಣುವುದಿಲ್ಲ. ಮಕ್ಕಳಿಗೆ ಕಾಣುತ್ತದೆ, ಕೈಗೆ ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು!

ಕಪ್ಪು ಸೀರೆಯ ಮೇಲೆ ಶುರು ಮಾಡಬೇಡಿ. ಇಂಚಿಗೆ 11 ಅಥವಾ 14 ಮನೆಯ ಬಿಳಿ ಮ್ಯಾಟಿ ಬಟ್ಟೆ, 24ನೇ ನಂಬರಿನ ಮೊಂಡು ತುದಿಯ ಸೂಜಿ, ಆರೆಳೆ ದಾರದಲ್ಲಿ ಎರಡೆಳೆ, ಉದ್ದ ಒಂದು ಮೊಳ. ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ. ಗಂಟು ಹಾಕುವಂತಿಲ್ಲ, ಗವಂತಿ ಎರಡೂ ಬದಿ ಒಂದೇ ತರಹ ಕಾಣಬೇಕು: ಹೋಗುವಾಗ ಒಂದು ಮನೆ ಬಿಟ್ಟು ಒಂದು, ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬುವುದು. ಹೋಗುವಾಗ ಒಂದೇ ಒಂದು ಮನೆ ತಪ್ಪಿ ಎಣಿಸಿದರೂ ಬರುವಾಗ ವಿನ್ಯಾಸ ಕೂಡುವುದಿಲ್ಲ. ಅದಕ್ಕೇ ಹುಡುಗಿ ಬಾಯಿಬಿಟ್ಟು ಎಣಿಸಬೇಕು, ಅಜ್ಜಿ "ಹೂಂ" ಅನ್ನಬೇಕು. ಗೋಪುರ, ತೇರು ಮೊದಲ ತಿಂಗಳು ಬೇಡ, ಒಂದು ಬೆರಳಗಲದ ಅಂಚು ಸಾಕು. ಹುಡುಗರನ್ನೂ ಕೂರಿಸಿ, ನಮ್ಮ ಕಡೆ ಮಗ್ಗದ ಕುಣಿಯಲ್ಲಿ ಗಂಡಸರು ಕೂರುವುದು ಹೊಸದೇನಲ್ಲ.

ಸಾಲಿ_ಗಂಟೆ
ಸುರಕ್ಷತೆಯ ಮಾತು ಯಾರೂ ಎತ್ತಲಿಲ್ಲ. 18ರೊಳಗಿನವರು ಇರುವ ಕಡೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ) ಕಾಯ್ದೆ ಇದೆ; ಅದರ ಜೊತೆಗೆ ತಂದೆ-ತಾಯಿಯ ಲಿಖಿತ ಒಪ್ಪಿಗೆಯನ್ನೂ ಪಡೆದುಕೊಳ್ಳಿ. ಬಾಗಿಲು ತೆರೆದಿರಲಿ. ಹಿರಿಯರ ಮನೆಗೆ ಹೋಗಬೇಕಾದರೆ ಇಬ್ಬರು ಮಕ್ಕಳ ಜೊತೆ ಒಬ್ಬ ವಯಸ್ಕರು, ಒಬ್ಬೊಬ್ಬರೇ ಎಂದೂ ಬೇಡ. ಸಾಲ, ಉಡುಗೊರೆ, ಎಟಿಎಂ ಕಾರ್ಡು, ಪಿನ್ ಯಾವುದೂ ಎರಡೂ ಕಡೆ ಕೈ ಬದಲಾಗಬಾರದು. ಇದನ್ನು ಮೊದಲ ದಿನ ಎಲ್ಲರೆದುರು ಓದಿ ಹೇಳಿದರೆ ಯಾರಿಗೂ ಅವಮಾನ ಅನ್ನಿಸುವುದಿಲ್ಲ. ನಡುವೆ ಹೇಳಿದರೆ ಯಾರನ್ನೋ ಸಂಶಯಿಸಿದಂತೆ ಆಗುತ್ತದೆ. ಪ್ರತಿ ಹಿರಿಯರ ಮನೆಯ ಫೋನ್ ನಂಬರು, ತೆಗೆದುಕೊಳ್ಳುವ ಔಷಧ ಒಂದು ಚೀಟಿಯಲ್ಲಿರಲಿ. ಸಕ್ಕರೆ ಕಾಯಿಲೆಯವರು ಬೆವೆತು, ನಡುಗಿ, ಮಾತು ತಡವರಿಸಿದರೆ ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಬಿಳಿಜೋಳ
ಚಹಾದ ಜೋಡಿ ಶೇಂಗಾ, ಕರದಂಟು ಇಡಬ್ಯಾಡ್ರಿ. ಹಲ್ಲಿಲ್ಲದವರಿಗೆ ಒಂದು ಆಗೂದಿಲ್ಲ, ಸಕ್ರಿ ಇದ್ದವರಿಗೆ ಇನ್ನೊಂದು ಆಗೂದಿಲ್ಲ. ಚುರುಮುರಿ ಸುಸಲಾ ಮೆತ್ತಗ ಮಾಡಿದ್ರ ಎಲ್ಲಾರಿಗೂ ನಡೀತದ. ಚಹಾ ಎರಡು ಕೆಟಲಿ, ಸಕ್ರಿ ಹಾಕಿದ್ದು, ಹಾಕದ್ದು. ಇನ್ನೊಂದು ಮಾತು, ಯಾರೂ ಹೇಳೂದಿಲ್ಲ ಅಂತ ನಾ ಹೇಳ್ತೀನಿ. ಯಾರು ಯಾರ ಕೈಯಾಗಿಂದು ತಿಂತಾರ ಅನ್ನೂದು ಇನ್ನೂ ಹೋಗಿಲ್ಲ. ಒಂದ ಭಾಂಡೇದಾಗಿಂದು, ಒಂದ ತರದ ಕಪ್ಪಿನ್ಯಾಗ, ಹಂಚೂ ಪಾಳಿ ವಾರಕ್ಕೊಂದು ಮೇಜಿಂದು. ಒಬ್ರಿಗೆ ಬ್ಯಾರೆ ತಾಟು ಕೊಟ್ರ ಹುಡುಗ್ರು ಅದನ್ನ ಕಲೀತಾವ.

ಗುಮ್ಮಟದ_ನೆರಳು
ಉಪಯೋಗ ಆಯಿತೇ ಎಂದು ಅಳೆಯಲು ದೊಡ್ಡ ಪ್ರಶ್ನಾವಳಿ ಬೇಡ. ಸಂಗಾತ ಇಲ್ಲ ಅನ್ನಿಸುವುದು, ಹೊರಗುಳಿದೆ ಅನ್ನಿಸುವುದು, ಬೇರೆಯಾಗಿ ಬಿದ್ದಿದ್ದೇನೆ ಅನ್ನಿಸುವುದು ಎಷ್ಟು ಸಲ ಎಂಬ ಮೂರು ಪ್ರಶ್ನೆಯ ಒಂಟಿತನದ ಅಳತೆ ಇದೆ. ಅಪರೂಪ 1, ಕೆಲವೊಮ್ಮೆ 2, ಪದೇ ಪದೇ 3. ಒಟ್ಟು 3ರಿಂದ 9. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಯ ಕ್ಷೇಮದ ಅಳತೆ, ಕಳೆದ ಎರಡು ವಾರದ್ದು, 25ಕ್ಕೆ ಅಂಕ. 13ಕ್ಕಿಂತ ಕಡಿಮೆ ಬಂದವರನ್ನು ವೈದ್ಯರಿಗೆ ತೋರಿಸಬೇಕು. ಮೊದಲ ವಾರ, ಕೊನೆಯ ವಾರ, ಮತ್ತೆ ಮೂರು ತಿಂಗಳಿಗೆ, ಮಕ್ಕಳಿಗೂ ಹಿರಿಯರಿಗೂ ಅದೇ ಪ್ರಶ್ನೆ. ಉತ್ತರ ಬರೆದುಕೊಳ್ಳುವವರು ಜೋಡಿಯ ಮಕ್ಕಳಾಗಬಾರದು, ಅವರೆದುರು ನಿಜ ಹೇಳಲು ಸಂಕೋಚ. ಪವಾಡ ನಿರೀಕ್ಷಿಸಬೇಡಿ: ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಿರಿಯರು ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿದ ಪ್ರಸಿದ್ಧ ಪ್ರಯೋಗದಲ್ಲಿ ವಾರಕ್ಕೆ 15 ಗಂಟೆ ಇತ್ತು. ನಿಮ್ಮದು ಒಂದೂವರೆ. ಅಂಕ ಒಂದೆರಡು ಬದಲಾದರೂ ಅದು ಕೆಲಸವೇ.

ಮನಸ್ಸು ತೀರಾ ಕುಗ್ಗಿದವರು ಯಾವ ವಯಸ್ಸಿನವರಾಗಲಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416. ಹಿರಿಯರಿಗೆ ಮನೆಯಲ್ಲಿ ಕಿರುಕುಳವಿದ್ದರೆ 14567, ಮಕ್ಕಳಿಗೆ 1098. ಗೋಡೆಗೆ ದೊಡ್ಡದಾಗಿ ಬರೆದು ಹಚ್ಚಿ.

ನವನಗರ_ಓಣಿ
ಯೋಜನೆ ಪೂರ್ತಿ ಬದಲಾಯಿತು. ಶನಿವಾರ 4.30, ಊಟದ ಕೋಣೆ, 7 ಹಿರಿಯರು, 14 ಮಕ್ಕಳು, ಎರಡು ವಾರ ಆಟ, ಆಮೇಲೆ ನಾಲ್ಕು ಮೇಜು ನಕಾಶೆಗೆ, ಎರಡು ಕಸೂತಿಗೆ, ಒಂದು ಮೊಬೈಲಿಗೆ. ಇನ್ನೊಂದೇ ಪ್ರಶ್ನೆ. 12 ವಾರ ಮುಗಿದ ಮೇಲೆ ಏನು? ನಡುವೆ ಯಾರಾದರೂ ತೀರಿಕೊಂಡರೆ?

ಮಲಪ್ರಭಾ_ದಂಡಿ
ಮುಗಿಯುವ ತಾರೀಖನ್ನು ಮೊದಲ ದಿನವೇ ಗೋಡೆಗೆ ಹಾಕಿ, ಎಂಟನೇ ವಾರದಿಂದ ಪ್ರತಿ ಸಲ ನೆನಪಿಸಿ. ಗೊತ್ತಿಲ್ಲದೆ ನಿಂತುಹೋದರೆ ಶುರು ಮಾಡದಿದ್ದರೇ ಒಳ್ಳೆಯದಿತ್ತು ಎಂಬಂತಾಗುತ್ತದೆ. ಆಮೇಲೆ ತಿಂಗಳಿಗೊಮ್ಮೆಯಾದರೂ ಸೇರಿ. ಎಳ್ಳ ಅಮಾವಾಸ್ಯೆಯ ಚರಗಕ್ಕೆ ಯಾರದಾದರೂ ಹೊಲಕ್ಕೆ ಎಲ್ಲರೂ ಹೋಗುವುದನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಯಾರಾದರೂ ತೀರಿಕೊಂಡರೆ ಆ ಇಬ್ಬರು ಮಕ್ಕಳಿಗೆ ಅದೇ ದಿನ, ಕೂಟ ನಡೆಸುವವರೇ ಎದುರಿಗೆ ಕೂತು ಹೇಳಬೇಕು. ವಾಟ್ಸ್‌ಆ್ಯಪ್ ಗುಂಪಿನಿಂದ ತಿಳಿಯಬಾರದು. ಮಣ್ಣಿಗೆ ಬರುವುದು ಬಿಡುವುದು ಮಕ್ಕಳ ಇಷ್ಟ, ಮನೆಯವರ ಒಪ್ಪಿಗೆ ಕೇಳಿ ಕರೆದುಕೊಂಡು ಹೋಗಿ. ಮುಂದಿನ ಶನಿವಾರ ಆ ಕುರ್ಚಿ ತೆಗೆಯಬೇಡಿ. ಅವರು ನಕಾಶೆಯಲ್ಲಿ ಇಟ್ಟ ಬೀಜವನ್ನು ಯಾರೂ ಸರಿಸದಂತೆ ಅಂಟು ಹಾಕಿ ಕೂರಿಸಿ, ಪಕ್ಕದಲ್ಲಿ ಹೆಸರು ಬರೆಯಿರಿ. ಧ್ವನಿ ದಾಖಲೆಯ ಒಂದು ಪ್ರತಿಯನ್ನು ಹದಿಮೂರನೇ ದಿನದ ನಂತರ ಮಕ್ಕಳ ಕೈಯಿಂದಲೇ ಮನೆಯವರಿಗೆ ಕೊಡಿಸಿ.

ಬಿಳಿಜೋಳ
ಕವಡಿ ಮರೀಬ್ಯಾಡ್ರಿ. ಏಳು ಮೇಜಿಗೆ ನಾಕರಂಗ 28, ಕಳದು ಹೋಗೂವು ಹಿಡದು 35 ತರ್ರಿ. ಹುಣಸಿ ಬೀಜ ತೊಳದು ಒಣಗಿಸಿದ್ದು ಎರಡು ಬೊಗಸಿ ಸಾಕು, ಹಸೀವು ಹಾಳಿಗೆ ಅಂಟಕೊಂಡು ಕಲಿ ಬೀಳತಾವ.